ಟೇಪಿನ ಇನ್ನೊಂದು ತುದಿ ಹಿಡಿದವಳು

ನನ್ನ ಮಗಳು ಆರನೇ ತರಗತಿಯಲ್ಲಿದ್ದಾಗ ಒಂದು ಸಂಜೆ ಗಣಿತದ ಉತ್ತರಪತ್ರಿಕೆ ತಂದು, ನನ್ನ ಕೈಗೆ ಕೊಡದೆ, ಅಡುಗೆಮನೆಯ ಹಿಟ್ಟಿನ ಡಬ್ಬಿಯ ಮೇಲಿಟ್ಟು ಹೋದಳು. ರೊಟ್ಟಿಗೆ ಹಿಟ್ಟು ತೆಗೆಯಲು ಹೋದಾಗ ಅದು ಸಿಕ್ಕಿತು. ಭಿನ್ನರಾಶಿಯ ಐದು ಲೆಕ್ಕಗಳಲ್ಲಿ ಮೂರನ್ನು ಅವಳು ಮುಟ್ಟಿಯೇ ಇರಲಿಲ್ಲ. ಉಳಿದವುಗಳಲ್ಲಿ ಒಂದು ಕಡೆ ಅರ್ಧಕ್ಕೆ ಕಾಲು ಕೂಡಿಸಿ ‘ಆರರಲ್ಲಿ ಎರಡು’ ಎಂದು ಬರೆದಿದ್ದಳು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ ಕೈತೊಳೆದುಕೊಂಡಿದ್ದಳು.

ನಾನು ಭಾಲ್ಕಿಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಆ ಹೊತ್ತಿಗೆ ನನಗೆ ಹದಿನಾಲ್ಕು ವರ್ಷದ ಸರ್ವಿಸು ಆಗಿತ್ತು. ಮೊದಲು ಔರಾದ ತಾಲ್ಲೂಕಿನಲ್ಲಿದ್ದೆ, ವರ್ಗವಾಗಿ ಇಲ್ಲಿಗೆ ಬಂದೆ. ಊರಿನವರ ಮಕ್ಕಳು ನನ್ನ ಹತ್ತಿರ ಕಲಿತು ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ದಾಟುತ್ತಿದ್ದರು. ನನ್ನ ಮಗಳು ಭಿನ್ನರಾಶಿ ಎಂದರೆ ಹೊಟ್ಟೆನೋವು ಎನ್ನುತ್ತಿದ್ದಳು. ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿಯೂ ಅವಳಿಗೆ ಹೊಟ್ಟೆ ನೋಯುತ್ತಿತ್ತು.

ನಾನು ದಿನಾ ಕೂರಿಸಿಕೊಂಡು ಹೇಳಿಕೊಡುತ್ತಿದ್ದೆ. ಹೇಳಿಕೊಡುವುದೆಂದರೆ ಏನು? ಅವಳು ಎರಡು ಸಾಲು ಬರೆಯುವಷ್ಟರಲ್ಲಿ “ಕೊಡು ಇಲ್ಲಿ” ಎಂದು ಪೆನ್ಸಿಲ್ ಕಿತ್ತುಕೊಂಡು ನಾನೇ ಮಾಡಿ ಮುಗಿಸುತ್ತಿದ್ದೆ. “ತಿಳೀತಾ?” ಎಂದರೆ “ತಿಳೀತು” ಎನ್ನುತ್ತಿದ್ದಳು. ಮುಂದಿನ ಲೆಕ್ಕಕ್ಕೆ ಮತ್ತೆ ನನ್ನ ಮುಖ ನೋಡುತ್ತಿದ್ದಳು. “ಎಂಟಾ?” ಎಂದು ಕೇಳಿ, ನನ್ನ ಹುಬ್ಬು ಮೇಲೇರಿದರೆ “ಇಲ್ಲ, ಆರು” ಎಂದು ಬದಲಿಸುತ್ತಿದ್ದಳು. ಲೆಕ್ಕ ಓದುವುದನ್ನು ಬಿಟ್ಟು ನನ್ನ ಹುಬ್ಬು ಓದುವುದನ್ನು ಕಲಿತಿದ್ದಳು ಅಂತ ಈಗ ಅನಿಸುತ್ತದೆ. ಆಗ ಸಿಟ್ಟಷ್ಟೇ ಬರುತ್ತಿತ್ತು.

ನಮ್ಮ ಪಕ್ಕದ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸು ಹೊಲಿಯುವ ಒಬ್ಬ ಹೆಣ್ಣುಮಗಳಿದ್ದಳು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ನಾನು ‘ಅಕ್ಕಾ’ ಎನ್ನುತ್ತಿದ್ದೆ, ನಾನು ಟೀಚರ್ ಎಂದು ಅವಳು ನನ್ನನ್ನು ‘ಅಕ್ಕೋರ’ ಎನ್ನುತ್ತಿದ್ದಳು. ಅವಳ ತವರು ಔರಾದದ ಹತ್ತಿರದ ಒಂದು ಹಳ್ಳಿ. ಕುರಿ ಕಾಯುವ ಮನೆತನ, ಜೊತೆಗೆ ಒಂದಿಷ್ಟು ಬೆದ್ದಲು ಹೊಲ. ನಾಲ್ಕನೇ ತರಗತಿಯವರೆಗೆ ಓದಿದ್ದಳು. ನನ್ನ ಗಂಡ ಬೀದರಿನಲ್ಲಿ ಕೆಲಸ ಮಾಡುತ್ತಿದ್ದುದರಿಂದ ಬೆಳಗಿನ ಗಾಡಿಗೆ ಹೋಗಿ ಕತ್ತಲಾದ ಮೇಲೆಯೇ ಬರುತ್ತಿದ್ದರು. ನನಗೂ ಶಾಲೆ ಬಿಟ್ಟ ಮೇಲೆ ಸಭೆ, ವಿಶೇಷ ತರಗತಿ ಎಂದು ತಡವಾಗುತ್ತಿತ್ತು. ಹಾಗಾಗಿ ಮಗಳು ಶಾಲೆಯಿಂದ ಬಂದವಳು ನೇರ ಅಲ್ಲಿಗೇ ಹೋಗುತ್ತಿದ್ದಳು. ಅವಳನ್ನು ‘ಮಾವಶಿ’ ಎಂದು ಕರೆಯುತ್ತಿದ್ದಳು. ನಮ್ಮ ಗಡಿಯ ಕಡೆ ತಾಯಿಯ ಅಕ್ಕತಂಗಿಯರನ್ನು ಕರೆಯುವುದು ಹಾಗೇ.

ಮೊದಮೊದಲು ಅಲ್ಲಿ ಹುಕ್ಕು ಹಚ್ಚುತ್ತಾಳೆ, ಚಿಂದಿ ಆಯುತ್ತಾಳೆ ಎಂದು ನಾನು ಸುಮ್ಮನಿದ್ದೆ. ಆ ಉತ್ತರಪತ್ರಿಕೆ ಕಂಡ ಮೇಲೆ ಸುಮ್ಮನಿರಲಾಗಲಿಲ್ಲ. ಮರುದಿನ ಬೆಳಿಗ್ಗೆಯೇ ಆ ಮನೆಯ ಬಾಗಿಲಿಗೆ ಹೋಗಿ ಹೇಳಿದೆ:

“ಅಕ್ಕಾ, ಇನ್ನ ಅಕಿನ್ನ ಇಲ್ಲಿ ಕೂಡಿಸಿಕೊಬ್ಯಾಡ್ರಿ. ಓದೋದು ಬಿಟ್ಟು ಹೊಲಿಗಿ ಹಿಡದಾಳ. ಮಾರ್ಕ್ಸು ನೋಡಿದ್ರ ತಲಿ ತಿರಗ್ತದ.”

ಅವಳು ಮಷಿನ್ನಿನ ಗಾಲಿಯ ಮೇಲೆ ಕೈಯಿಟ್ಟು ನಿಲ್ಲಿಸಿದಳು. ವಾದ ಮಾಡಲಿಲ್ಲ. “ಆಗಲಿ ಅಕ್ಕೋರ. ನಿಮ್ಮ ಮಗಳು, ನೀವು ಹೇಳ್ದಂಗ,” ಎಂದಳು. ಮತ್ತೆ ಗಾಲಿ ತಿರುಗಿಸುತ್ತಾ, “ಆದ್ರ ಅಕಿ ಭಾಳ ಛಂದ ವಿಚಾರ ಮಾಡ್ತಾಳ್ರಿ,” ಎಂದಳು. ಇದು ನನ್ನನ್ನು ಸಮಾಧಾನ ಮಾಡಲು ಹೇಳಿದ ಮಾತು ಎಂದುಕೊಂಡೆ.

ಒಂದು ತಿಂಗಳು ಮಗಳು ಮನೆಯಲ್ಲೇ ಕೂತಳು. ಪುಸ್ತಕ ತೆರೆದಿರುತ್ತಿತ್ತು. ನಾನು ಬರುವ ಹೊತ್ತಿಗೆ ಅದೇ ಪುಟ, ಅದೇ ಪೆನ್ಸಿಲ್ಲು. ಮಾತು ಕಡಿಮೆಯಾಯಿತು. ಶಾಲೆಯಲ್ಲಿ ಏನಾಯಿತು ಅಂದರೆ “ಏನಿಲ್ಲ” ಎನ್ನುತ್ತಿದ್ದಳು.

ಒಂದು ದಿನ ಯಾವುದೋ ಕಾರಣಕ್ಕೆ ಶಾಲೆ ಮಧ್ಯಾಹ್ನವೇ ಬಿಟ್ಟಿತು. ಮಗಳ ಶಾಲೆಗೂ ಅಂದು ಅರ್ಧ ದಿನ. ಮನೆಗೆ ಬಂದರೆ ಬೀಗ. ಎಲ್ಲಿರುತ್ತಾಳೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಹೇಳಿದ ಮಾತು ಇಬ್ಬರೂ ಮೀರಿದರಲ್ಲ ಎಂಬ ಸಿಟ್ಟಿನಲ್ಲಿ ಪಕ್ಕದ ಮನೆಯ ಕಟ್ಟೆ ಹತ್ತಿದೆ. ಬಾಗಿಲು ಅರ್ಧ ತೆರೆದಿತ್ತು. ಒಳಗಿನ ಮಾತು ಕೇಳಿ ಕಾಲು ಅಲ್ಲೇ ನಿಂತಿತು.

ಮಗಳು ನೆಲದ ಮೇಲೆ ಹಳೆಯ ಪೇಪರ್ ಹಾಸಿಕೊಂಡು ಬ್ಲೌಸಿನ ತೋಳು ಗುರುತು ಮಾಡುತ್ತಿದ್ದಳು. ಮಾವಶಿ ಎದುರಿಗೆ ಕೂತು ಟೇಪಿನ ಇನ್ನೊಂದು ತುದಿ ಹಿಡಿದಿದ್ದಳು.

“ತೋಳಿನ ಸುತ್ತಳತಿ ಹನ್ನೊಂದು. ಪೇಪರ್ ಮಡಚೀವಿ ಅಂದ್ರ ಎಷ್ಟ ಬೇಕು?”

“ಐದೂವರಿ.”

“ಹೊಲಿಗಿಗಿ?”

“ಪೌಣ ಇಂಚು.” ಪೌಣ ಎಂದರೆ ಮುಕ್ಕಾಲು. ನಮ್ಮ ಸಂತೆಯಲ್ಲಿ, ಹೊಲಿಗೆಯಲ್ಲಿ, ಗಾರೆ ಕೆಲಸದಲ್ಲಿ ಇಂದಿಗೂ ಪಾವು, ಪೌಣ, ಸವ್ವಾ, ದೀಡ, ಅಡೀಚ ಎಂದೇ ಅಳೆಯುತ್ತಾರೆ. ಪಾವು ಎಂದರೆ ಕಾಲು, ಸವ್ವಾ ಎಂದರೆ ಮೇಲೊಂದು ಕಾಲು, ದೀಡ ಒಂದೂವರೆ, ಅಡೀಚ ಎರಡೂವರೆ.

“ಎರಡೂ ಕೂಡಿ?”

ಮಗಳು ಪೇಪರಿನ ಅಂಚಿನಲ್ಲಿ ಬರೆದು ನೋಡಿ, “ಐದು, ಮತ್ತ ಆರರಾಗ ನಾಕು,” ಎಂದಳು. ಅದೇ ತಪ್ಪು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ನನ್ನ ನಾಲಿಗೆಯ ತುದಿಗೆ ಸರಿಯುತ್ತರ ಬಂದಿತ್ತು. ಬಾಗಿಲು ದೂಡಬೇಕು ಎನ್ನುವಷ್ಟರಲ್ಲಿ ಮಾವಶಿ ನನ್ನನ್ನು ಕಂಡಳು. ಎದ್ದು ನಿಲ್ಲಲಿಲ್ಲ, ಗಾಬರಿಯಾಗಲಿಲ್ಲ. ಮಗಳಿಗೆ ಕಾಣದಂತೆ ಅಂಗೈಯನ್ನು ಸ್ವಲ್ಪ ಎತ್ತಿ, ತಡೀರಿ ಎಂದು ಸನ್ನೆ ಮಾಡಿದಳು. ಆಮೇಲೆ ಮಗಳಿಗೆ ಹೇಳಿದಳು:

“ಹೌದಾ? ಟೇಪಿನ ಮ್ಯಾಲ ತೋರ್ಸು ನೋಡೋಣ.”

ಮಗಳು ಟೇಪಿಗೆ ಮುಖ ಹತ್ತಿರ ತಂದಳು. ಐದರ ಮುಂದಿನ ಗೀಟುಗಳನ್ನು ಉಗುರಿನಿಂದ ಎಣಿಸಿದಳು. “ಮಾವಶಿ, ಇದರಾಗ ಆರ ಭಾಗನೇ ಇಲ್ಲ. ಒಂದ ಇಂಚಿಗೆ ಎಂಟ ಮನಿ ಅವ.”

“ಮತ್ತ ಹ್ಯಾಂಗ ಮಾಡ್ತಿ?”

ಎಷ್ಟು ಹೊತ್ತಾಯಿತೋ, ನನಗಂತೂ ಒಂದು ಪೂರ್ತಿ ಪಿರಿಯಡ್ ಕಳೆದಂತಾಯಿತು. ಮಾವಶಿ ಒಂದು ಸೂಜಿಗೆ ದಾರ ಪೋಣಿಸಿದಳು. ಮಗಳ ಕಡೆ ನೋಡಲೂ ಇಲ್ಲ, ಟೇಪಿನ ತುದಿಯನ್ನು ಬಿಡಲೂ ಇಲ್ಲ, ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದಳು. ಮಗಳ ಬೆರಳು ಐದೂವರೆಯ ಗೀಟಿನ ಮೇಲೆ ಬಂತು. ಅಲ್ಲಿಂದ ಒಂದೊಂದೇ ಮನೆ ಮುಂದೆ ಸರಿಯಿತು.

“ಪಾವ ಅಂದ್ರ ಎರಡ ಮನಿ. ಪೌಣ ಅಂದ್ರ… ಆರ ಮನಿ. ಒಂದು, ಎರಡು, ಮೂರು, ನಾಕು…” ನಾಲ್ಕಕ್ಕೆ ಬೆರಳು ಆರು ಇಂಚಿನ ದಪ್ಪ ಗೀಟಿನ ಮೇಲೆ ನಿಂತಿತು. ಅವಳು ತಲೆ ಎತ್ತಿದಳು. “ಮಾವಶಿ, ಆರು ದಾಟ್ತದ!”

“ಇನ್ನ ಎಷ್ಟ ಮನಿ ಉಳದಾವ?”

“ಎರಡು. ಸವ್ವಾ ಆರು! ಸವ್ವಾ ಆರು ಬರ್ತದ!” ಎಂದವಳು, ತಾನು ಪೇಪರಿನ ಅಂಚಿನಲ್ಲಿ ಬರೆದಿದ್ದನ್ನು ನೋಡಿ, “ಹಂಗಾದ್ರ ಇದು ಗಲತ್ ಅದ. ಆರ ದಾಟೋದು ಐದರಾಗೇ ಹ್ಯಾಂಗ ಉಳೀತದ?” ಎಂದಳು. ಯಾರೂ ತಪ್ಪು ಎನ್ನುವ ಮೊದಲೇ ತಾನೇ ಅದರ ಮೇಲೆ ಗೀಟು ಎಳೆದಳು.

ನಾನು ಸದ್ದು ಮಾಡದೆ ಕಟ್ಟೆ ಇಳಿದು ಮನೆಗೆ ಬಂದೆ. ಸಿಟ್ಟು ಎಲ್ಲಿ ಹೋಯಿತೋ. ಮಗಳ ಬಗ್ಗೆ ಹೆಮ್ಮೆಯಿಂದ ಎದೆ ತುಂಬಿ ಬಂದಿತ್ತು, ಮುಚ್ಚಿಡುವುದೇನು, ಹೊಟ್ಟೆಕಿಚ್ಚೂ ಇತ್ತು. ನಾನು ಒಂದು ವರ್ಷದಿಂದ ಮಾಡಲಾಗದ್ದನ್ನು ನಾಲ್ಕನೇ ತರಗತಿ ಓದಿದವಳು ಒಂದು ಮಧ್ಯಾಹ್ನದಲ್ಲಿ ಮಾಡಿದ್ದಳು. ಬಿ.ಇಡಿ. ಪರೀಕ್ಷೆಯಲ್ಲಿ ನಾನೇ ಪುಟಗಟ್ಟಲೆ ಬರೆದಿದ್ದೆ: ಮಗುವಿನ ಬುದ್ಧಿ ಬೆಳೆಯುವುದು ಬಲ್ಲವರ ಜೊತೆ ಮಾತಾಡುತ್ತಾ, ಕೂಡಿ ಮಾಡುತ್ತಾ, ನೆರವು ಕೊಡಬೇಕು, ಹಂತಹಂತವಾಗಿ ಹಿಂತೆಗೆಯಬೇಕು ಎಂದು. ಒಳ್ಳೆಯ ಅಂಕವೂ ಬಂದಿತ್ತು. ಅದನ್ನು ಕಣ್ಣಾರೆ ಕಂಡದ್ದು ಮಾತ್ರ ಆ ಅರ್ಧ ತೆರೆದ ಬಾಗಿಲಲ್ಲಿ.

ಸಂಜೆ ಒಂದು ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಹಾಕಿಕೊಂಡು ಅವಳ ಮನೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವಳೇ, “ತಪ್ಪಾತ್ರಿ ಅಕ್ಕೋರ. ಮನಿ ಕೀಲಿ ಮರತು ಬಂದಿದ್ಳು ಕೂಸು, ಬಿಸಿಲಾಗ ನಿಂತಿದ್ಳು. ಒಳಗ ಕರದೆ,” ಎಂದಳು.

“ತಪ್ಪು ನಂದ ಅಕ್ಕಾ. ನಾಳಿಂದ ಅಕಿ ಇಲ್ಲೇ ಬರ್ತಾಳ,” ಎಂದೆ. ಆಮೇಲೆ ಮನಸ್ಸಿನಲ್ಲಿದ್ದುದನ್ನು ಕೇಳಿದೆ: “ಅಕಿ ತಪ್ಪ ಹೇಳ್ದಾಗ ನಿಮಗ ಗೊತ್ತಿತ್ತಲ್ಲ? ಯಾಕ ಹೇಳ್ಲಿಲ್ಲ?”

ಅವಳು ಡಬ್ಬಿಯನ್ನು ಮಷಿನ್ನಿನ ಮೇಲಿಟ್ಟಳು. “ಮಾತು ಅಕಿ ಬಾಯಿ ತನಕಾ ಬಂದಿತ್ತ್ರಿ. ನಾ ಅಂದ್ಬಿಟ್ಟಿದ್ರ ಅದು ನಂದೇ ಆಗ್ತಿತ್ತು.”

“ನಿಮಗ ಹಿಂಗ ಕಲಸೋದು ಯಾರ ಹೇಳಿಕೊಟ್ರು?”

ಮದುವೆಗೆ ಮುಂಚೆ ಅವಳು ಒಂದು ವರ್ಷ ಬೀದರಿನಲ್ಲಿ ಸಂಬಂಧಿಕರ ಮನೆಯಲ್ಲಿದ್ದಳಂತೆ. ಹಳೇ ಊರಿನ ಒಂದು ಓಣಿಯಲ್ಲಿ ಹೊಲಿಗೆ ಕಲಿಸುತ್ತಿದ್ದ ಒಬ್ಬ ಮುದುಕಿ. ಎಲ್ಲರೂ ಅವರನ್ನು ‘ಖಾಲಾ’ ಎನ್ನುತ್ತಿದ್ದರು, ಉರ್ದುವಿನಲ್ಲಿ ಅದೂ ಮಾವಶಿ ಎಂದೇ. “ಖಾಲಾಗ ಕನ್ನಡ ಬರ್ತಿರಲಿಲ್ಲ, ನನಗ ಅವರ ಮಾತು ಬರ್ತಿರಲಿಲ್ಲ. ನನ್ನ ಕೈ ಮ್ಯಾಲ ಅವರ ಕೈ ಇಟ್ಟು ಕತ್ತರಿ ನಡಸ್ತಿದ್ರು. ಒಂದಿನ ಹಂಗೇ ಕತ್ತರಸ್ಕೋತ ಬಟ್ಟಿ ತುದಿಗಿ ಬಂದೆ. ನೋಡ್ತೇನಿ, ಕತ್ತರಿ ಮ್ಯಾಲ ನನ್ನ ಕೈ ಅಷ್ಟೇ ಅದ. ಖಾಲಾ ಯಾವಾಗ ಬಿಟ್ರೋ, ನನಗ ತಿಳೀಲೇ ಇಲ್ರಿ.”

ಮಗಳು ಮತ್ತೆ ಮಾವಶಿಯ ಮನೆಗೆ ಹೋಗತೊಡಗಿದಳು. ಅಲ್ಲಿಗೆ ಬರುವ ಇನ್ನಿಬ್ಬರು ಹುಡುಗಿಯರ ಜೊತೆ ಜಗಳವಾಡುತ್ತಾ, ಪಾವೋ ಅರ್ಧವೋ ಎಂದು ಪಂಥ ಕಟ್ಟುತ್ತಾ ಪೇಪರ್ ಕತ್ತರಿಸಿದಳು. ಎಷ್ಟೋ ಪೇಪರ್ ಹಾಳಾದವು. ಪೇಪರಿನಿಂದ ಹಳೆಯ ಸೀರೆಗೆ, ಸೀರೆಯಿಂದ ಅಸ್ತರದ ಬಟ್ಟೆಗೆ ಬರಲು ಒಂದು ವರ್ಷವೇ ಹಿಡಿಯಿತು. ಮನೆಯಲ್ಲಿ ನಾನು ಪೆನ್ಸಿಲ್ ಕಿತ್ತುಕೊಳ್ಳುವುದನ್ನು ಬಿಟ್ಟೆ. ಬಿಡಲು ಕಷ್ಟವಾಗುತ್ತಿತ್ತು, ಹಾಗಾಗಿ ಅವಳು ಲೆಕ್ಕ ಮಾಡುವಾಗ ಎದುರಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಅವಳು ನಿಂತಾಗ “ಈಗ ಏನ ಗೊತ್ತದ ನಿನಗ, ಅದನ್ನ ಹೇಳು,” ಎನ್ನುತ್ತಿದ್ದೆ. ಹೇಳುತ್ತಾ ಹೇಳುತ್ತಾ ಅವಳೇ ಮುಂದೆ ಹೋಗುತ್ತಿದ್ದಳು. ಹೊಟ್ಟೆನೋವು ಯಾವಾಗ ನಿಂತಿತೋ ಇಬ್ಬರೂ ಗಮನಿಸಲಿಲ್ಲ.

ಶಾಲೆಯಲ್ಲೂ ಇದನ್ನೇ ಮಾಡಬೇಕೆಂದು ಎಂಟನೇ ತರಗತಿಗೆ ಟೇಪುಗಳನ್ನು ಒಯ್ದೆ. ಮೊದಲ ದಿನ ಪೂರಾ ಗದ್ದಲ. ಒಬ್ಬ ಇನ್ನೊಬ್ಬನ ತಲೆಯ ಸುತ್ತಳತೆ ತೆಗೆದ, ಮತ್ತೊಬ್ಬ ಬೆಂಚಿನ ಕಾಲಿಗೆ ಟೇಪು ಕಟ್ಟಿದ, ಹೆಡ್‌ಮಾಸ್ತರರು ಬಾಗಿಲಿಗೆ ಬಂದು ಇಣುಕಿ ಹೋದರು. ಪ್ರಶ್ನೆ ಕೇಳಿ ಕಾಯುವುದು ಅದಕ್ಕಿಂತ ಕಷ್ಟ. ಐದು ಎಣಿಸುವಷ್ಟರಲ್ಲಿ ನನ್ನ ಬಾಯಿಂದ ಉತ್ತರ ಹೊರಬೀಳುತ್ತಿತ್ತು. ಡಸ್ಟರನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಲ್ಲುವುದನ್ನು ಅಭ್ಯಾಸ ಮಾಡಿದೆ. ಎರಡು ತಿಂಗಳಾದ ಮೇಲೆ ಒಂದು ದಿನ, ಮನೆಯಲ್ಲಿ ಮರಾಠಿ ಮಾತಾಡುವ, ತರಗತಿಯಲ್ಲಿ ಎಂದೂ ಬಾಯಿ ತೆರೆಯದ ಒಬ್ಬ ಹುಡುಗಿ ಪಕ್ಕದವಳಿಗೆ ಟೇಪು ತೋರಿಸಿ, “ಅರ್ಧಾ ಮ್ಹಣಜೆ ಚಾರ್ ರೇಘಾ. ನಾಕ ಗೀಟು. ಈಗ ನೀ ಪಾವ ತೋರ್ಸು,” ಎಂದು ಹೇಳಿಕೊಡುತ್ತಿದ್ದಳು. ಹೇಳಿಕೊಡುತ್ತಿದ್ದವಳ ದನಿ ಕ್ಷಣಕ್ಷಣಕ್ಕೂ ಗಟ್ಟಿಯಾಗುತ್ತಿತ್ತು. ನಾನು ಕಿಟಕಿಯ ಕಡೆ ತಿರುಗಿ ನಿಂತೆ, ನನ್ನನ್ನು ನೋಡಿ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು.

ಮಗಳು ಎಂಟನೆಯ ತರಗತಿಯಲ್ಲಿದ್ದಾಗ ದೀಪಾವಳಿಗೆ ಔರಾದಕ್ಕೆ, ನನ್ನ ತವರಿಗೆ ಹೋಗಿದ್ದೆವು. ನನ್ನ ತಾಯಿಗೆ ಮುಂದೆ ಗಂಟು ಹಾಕುವ ಹಳೆಯ ನಮೂನೆಯ ಕುಬಸವೇ ಬೇಕು, ಈಗ ಅದನ್ನು ಹೊಲಿಯುವವರು ಸಿಗುವುದಿಲ್ಲ. ಮಗಳು ಅಜ್ಜಿಗೆ “ಆಯಿ, ನಾ ಹೊಲಿತೇನಿ,” ಎಂದಳು. ಮಾವಶಿ ಜೊತೆಗಿರಲಿಲ್ಲ. ಹಳೆಯ ಕುಬಸವೊಂದರ ಹೊಲಿಗೆ ಬಿಚ್ಚಿ, ತುಂಡುಗಳನ್ನು ನೆಲದ ಮೇಲೆ ಹರಡಿ, ಒಂದು ಗಂಟೆ ಸುಮ್ಮನೆ ನೋಡುತ್ತಾ ಕೂತಳು. ಆಮೇಲೆ ಅಳೆದಳು, ಪೇಪರಿನಲ್ಲಿ ಕತ್ತರಿಸಿದಳು, ಆಯಿಯ ಹೆಗಲಿಗೆ ಹಿಡಿದು ನೋಡಿದಳು, ಮತ್ತೆ ಕತ್ತರಿಸಿದಳು. ಮೂರನೆಯ ದಿನ ನನ್ನ ತಾಯಿ ಅದನ್ನು ತೊಟ್ಟು ಓಣಿಯ ಕಟ್ಟೆಗೆ ಹೋಗಿ ಕೂತರು. ಬಂದುಹೋಗುವವರಿಗೆಲ್ಲ, “ನನ್ನ ಮಮ್ಮಗಳು ಹೊಲದಾಳ. ನೋಡ್ರಿ, ಎಲ್ಲಿನೂ ಜಗ್ಗಂಗಿಲ್ಲ,” ಎಂದು ತೋಳೆತ್ತಿ ತೋರಿಸಿದರು. ನಾನು ಒಳಗೆ ನಿಂತು ಕೇಳಿಸಿಕೊಂಡೆ. ನನ್ನ ಹದಿನಾರು ವರ್ಷದ ಫಲಿತಾಂಶದ ಪಟ್ಟಿಗಳಿಗೆ ನಾನು ಅಷ್ಟು ಹಿಗ್ಗಿರಲಿಲ್ಲ.

ಮಗಳು ತರಗತಿಗೆ ಮೊದಲಿಗಳೇನೂ ಆಗಲಿಲ್ಲ. ಹತ್ತನೆಯದರಲ್ಲಿ ಗಣಿತದಲ್ಲಿ ಒಳ್ಳೆಯ ಅಂಕ ಬಂತು, ಬಹಳ ಒಳ್ಳೆಯದಲ್ಲ. ಈಗ ಬೀದರಿನಲ್ಲಿ ಪಿಯುಸಿ ಓದುತ್ತಾಳೆ, ವಿಜ್ಞಾನ ತಾನೇ ಆರಿಸಿಕೊಂಡಳು. ಗೊತ್ತಿಲ್ಲದ ಲೆಕ್ಕ ಎದುರಾದರೆ ನನ್ನ ಮುಖ ನೋಡುವುದಿಲ್ಲ, ಲೆಕ್ಕದ ಮುಖ ನೋಡುತ್ತಾಳೆ.

ಕಳೆದ ಚಳಿಗಾಲದಲ್ಲಿ ಬೀದರಿನಲ್ಲಿ ಗಣಿತ ಶಿಕ್ಷಕರಿಗೆ ಒಂದು ತರಬೇತಿ ಇತ್ತು. ಟೇಪಿನ ಪಾಠ ಮಾಡಿ ತೋರಿಸಿ ಎಂದು ನನ್ನನ್ನು ಕೇಳಿದರು. ಇದನ್ನು ನನಗೆ ಕಲಿಸಿದವರನ್ನೇ ಕರೆತರುತ್ತೇನೆ ಎಂದು ಹೇಳಿಬಿಟ್ಟೆ. ಮಾವಶಿ ಒಪ್ಪಲೇ ಇಲ್ಲ.

“ನಾಕನೇ ಇಯತ್ತೆ ಕಲ್ತಾಕಿ ನಾ. ಅಷ್ಟ ಮಂದಿ ಮಾಸ್ತರ ಮುಂದ ಏನ ಮಾತಾಡ್ಲಿ ಅಕ್ಕೋರ?”

“ಮಾತಾಡಬ್ಯಾಡ್ರಿ. ಟೇಪ್ ಹಿಡದು ಕೂಡ್ರಿ ಸಾಕು.”

ಮಗಳು ಹೋಗಿ ಕರೆದ ಮೇಲೆ ಒಪ್ಪಿದಳು. ಆ ದಿನ ತಾನೇ ಹೊಲಿದ ನೀಲಿ ಬ್ಲೌಸು ತೊಟ್ಟು ಬಂದಿದ್ದಳು. ನಲವತ್ತು ಜನ ಶಿಕ್ಷಕರ ಮುಂದೆ ಟೇಪನ್ನು ಬಿಚ್ಚಿ ಮತ್ತೆ ಸುತ್ತಿದಳು. ಆಮೇಲೆ ಮುಂದಿನ ಸಾಲಿನ ಹಿರಿಯ ಮಾಸ್ತರೊಬ್ಬರನ್ನು ಕರೆದು, ಪಕ್ಕದವರ ತೋಳು ಅಳೆಯಲು ಹೇಳಿದಳು.

“ಹನ್ನೆರಡು ಚಿಲ್ಲರ,” ಎಂದರು ಅವರು.

“ಚಿಲ್ಲರ ಅಂದ್ರ ಎಷ್ಟ್ರಿ ಸರ್?”

ಸಭೆ ನಕ್ಕಿತು. ಮಾವಶಿ ನಗಲಿಲ್ಲ, ಅವಸರಿಸಲಿಲ್ಲ. ಟೇಪಿನ ತುದಿ ಹಿಡಿದು ಕಾದಳು. ನಗು ನಿಂತಿತು. ಮಾಸ್ತರು ಕನ್ನಡಕ ಹಾಕಿಕೊಂಡು ಗೀಟು ಎಣಿಸಿದರು. “ಮೂರು ಗೀಟು. ಪಾವಕ್ಕಿಂತ ಒಂದು ಹೆಚ್ಚು, ಅರ್ಧಕ್ಕಿಂತ ಒಂದು ಕಡಿಮಿ,” ಎಂದು ತಾವೇ ಹೇಳಿ ತಾವೇ ಖುಷಿಯಾದರು. “ಬರೋಬ್ಬರ ಅದ್ರಿ,” ಎಂದಳು ಮಾವಶಿ.

ಕೊನೆಗೆ ಒಬ್ಬ ಎಳೆಯ ಶಿಕ್ಷಕಿ ಎದ್ದು ಕೇಳಿದಳು: “ಮಕ್ಕಳಿಗಿ ಯಾವಾಗ ಹೇಳಬೇಕು, ಯಾವಾಗ ಸುಮ್ಕಿರಬೇಕು, ಅದು ಹ್ಯಾಂಗ ಗೊತ್ತಾಗ್ತದ್ರಿ?”

“ಕತ್ತರಿ ಬಟ್ಟಿ ಮ್ಯಾಲ ಇದ್ರ ಹೇಳಿಬಿಡ್ರಿ. ಪೇಪರ್ ಮ್ಯಾಲ ಇದ್ರ ಸುಮ್ಕಿರ್ರಿ,” ಎಂದಳು. ಹಲವರು ಬರೆದುಕೊಂಡರು. ನಾನು ಅವಳ ಪಕ್ಕದಲ್ಲಿ ಕೂತಿದ್ದೆ, ಇವಳು ನನ್ನ ಪಕ್ಕದ ಮನೆಯವಳು ಎಂದು ಎಲ್ಲರಿಗೂ ಕೂಗಿ ಹೇಳಬೇಕೆನಿಸಿತ್ತು.

ಎರಡು ಗಂಟೆಗೆ ಕಾಲೇಜು ಮುಗಿಸಿ ಮಗಳು ಬಸ್‌ಸ್ಟ್ಯಾಂಡಿಗೆ ಬಂದಳು. ಮೂವರೂ ಚಹಾ ಕುಡಿದೆವು. “ಕಾಲೇಜಿನಾಗ ಏನ ನಡಸ್ಯಾರ?” ಎಂದು ಮಾವಶಿ ಕೇಳಿದಳು. ಹತ್ತದೆ, ಮುಟ್ಟದೆ ಎತ್ತರ ಅಳೆಯುವ ಲೆಕ್ಕ ಎಂದಳು ಮಗಳು.

“ಆ ಲೈಟಿನ ಕಂಬಾನೂ ಅಳಿಬಹುದಾ?”

“ಬರ್ರಿ, ನೀವೇ ಅಳೀರಿ.”

ಬಸ್‌ಸ್ಟ್ಯಾಂಡಿನ ಅಂಚಿನಲ್ಲಿ ಕಂಬದ ನೆರಳು ಉದ್ದಕ್ಕೆ ಬಿದ್ದಿತ್ತು. ಮಗಳು ಮಾವಶಿಯನ್ನು ಬಿಸಿಲಿನಲ್ಲಿ ನಿಲ್ಲಿಸಿದಳು. ಮಾವಶಿಯ ಎತ್ತರ ಸರಿಯಾಗಿ ಒಂದು ಟೇಪು. ಅವಳ ನೆರಳನ್ನು ಅಳೆದರೆ ಒಂದು ಟೇಪು, ಮೇಲೆ ಕಾಲು ಟೇಪು. ಆಮೇಲೆ ಇಬ್ಬರೂ ಬಗ್ಗಿ ಕಂಬದ ನೆರಳು ಅಳೆದರು. ಐದು ಟೇಪು ಬಂತು. ಬಸ್ಸು ಕಾಯುತ್ತಿದ್ದ ಜನ ಸುತ್ತ ನಿಂತರು.

“ನನ್ನ ನೆಳ್ಳು ನನ್ನ ಸವ್ವಾಪಟ್ಟು ಅದ,” ಎಂದಳು ಮಾವಶಿ ನಿಧಾನವಾಗಿ. “ಬಿಸಿಲು ಇಬ್ಬರಿಗೂ ಒಂದೇ. ಹಂಗಾದ್ರ ಕಂಬದ ನೆಳ್ಳೂ ಕಂಬದ ಸವ್ವಾಪಟ್ಟೇ ಇರಬೇಕಲ್ಲ?”

ಮಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಟೇಪಿನ ತುದಿ ಹಿಡಿದು ನಿಂತಿದ್ದಳು. ಭಾಲ್ಕಿಯ ಬಸ್ಸು ಬಂತು. ಕಂಡಕ್ಟರ್ “ಭಾಲ್ಕಿ, ಭಾಲ್ಕಿ” ಎಂದು ಕೂಗಿದ. ನಾನು ಚೀಲ ಎತ್ತಿಕೊಂಡೆ. ಮಾವಶಿ ಬೆರಳು ಮಡಿಸುತ್ತಾ, “ಎರಡ ಟೇಪಿಗಿ ಅಡೀಚ… ನಾಕ ಟೇಪಿಗಿ ಐದು,” ಎಂದು ಗೊಣಗುತ್ತಿದ್ದಳು.

“ಆ ಬಸ್ಸು ಹೋಗಲಿ ಮಮ್ಮಿ,” ಎಂದಳು ಮಗಳು ತಿರುಗಿ ನೋಡದೆ.

ನಾನು ಚೀಲ ಕೆಳಗಿಟ್ಟೆ.